ಮೇಡಂ ಜೊತೆ ಮಾಡಿದ ತಾಲೀಮು

ಫಿನೈಲ್ ವಾಸನೆಯೂ ಮಿರ್ಚಿ ಕರಿಯುವ ವಾಸನೆಯೂ ಒಂದೇ ಕಿಟಕಿಯಿಂದ ಬರುವ ಕೋಣೆಯಲ್ಲಿ ನೀವು ಎಂದಾದರೂ ಕುಳಿತಿದ್ದೀರಾ? ಚಿಂಚೋಳಿಯ ಆಸ್ಪತ್ರೆಯಲ್ಲಿ ನಾನು ಕೂರುವ ಕೋಣೆ ಅಂಥದು. ಇಂದು ಬೆಳಿಗ್ಗೆ ಆ ವಾಸನೆಯ ಜೊತೆಗೇ ಒಳಗೆ ಬಂದವಳು, ನನ್ನ ಕೈಕೆಳಗೆ ಆಪ್ತಸಮಾಲೋಚನೆ ಕಲಿಯುತ್ತಿರುವ ಹುಡುಗಿ. "ಎಲ್ಲಾ ಕೇಳೀನ್ರಿ ಸರ್, ಅದೊಂದು ಬಿಟ್ಟು" ಎಂದಳು. ನನಗೆ ಸೇಡಂ ನೆನಪಾಯಿತು. ನನ್ನ ನೆನಪು ಇಸ್ತ್ರಿ ಮಾಡಿಕೊಂಡೇ ಹೊರಗೆ ಬರುವಂಥದು, ಪೂರ್ತಿ ನಂಬಬೇಡಿ.

ಆಗ ನಾನೂ ಕಲಿಯುವವನೇ. ಸೇಡಂನಲ್ಲಿ ಡಾಕ್ಟರರ ಕೋಣೆಯ ಮೂಲೆಗೊಂದು ಪರದೆ, ಪರದೆಯ ಹಿಂದೆ ನಾನು. ದೇಹ ನೋಡುವವರೂ ಮನಸ್ಸು ನೋಡುವವರೂ ಕೂಡಿ ಕೆಲಸ ಮಾಡಬೇಕೆಂಬುದು ವ್ಯವಸ್ಥೆ. ಕೂಡಿದ್ದೇನೋ ನಿಜ. ಆಚೆ ಡಾಕ್ಟರು "ಬಾಯಿ ತೆಗೀರಿ" ಎಂದರೆ ಈಚೆ ನನ್ನ ರೋಗಿಯೂ ಬಾಯಿ ತೆಗೆಯುತ್ತಿದ್ದ. ಇ.ಸಿ.ಜಿ.ಯಲ್ಲಿ ಏನೂ ಸಿಗದಿದ್ದರೆ ಡಾಕ್ಟರು ಪರದೆ ಸರಿಸಿ, "ಇದು ನಿಮ್ಮ ಕಡೀದು ನೋಡ್ರಿ" ಎಂದು ದಾಟಿಸುತ್ತಿದ್ದರು.

ನನ್ನ ಕೆಲಸ ತಿದ್ದಲು ವಾರಕ್ಕೊಮ್ಮೆ, ನನಗೆ ಕಲಿಸುತ್ತಿದ್ದ ಮೇಡಂ ಶಹಾಬಾದದಿಂದ ವಾಡಿಯಲ್ಲಿ ರೈಲು ಬದಲಿಸಿ ಬರುತ್ತಿದ್ದರು. ರೈಲು ಎಷ್ಟು ತಡವೋ ನನಗೆ ಅಷ್ಟು ನೆಮ್ಮದಿ.

ಹತ್ತಿರದ ಮುಧೋಳದ ಹೆಣ್ಣುಮಗಳೊಬ್ಬಳು ಎದೆ ಹಾರುತ್ತದೆಂದು ಬರುತ್ತಿದ್ದಳು. ನಾನು ಊಟ, ನಿದ್ದೆ ವಿಚಾರಿಸಿ, ಉಸಿರಾಟ ಕಲಿಸಿ ಕಳಿಸುತ್ತಿದ್ದೆ. ಒಂದು ದಿನ ಆಕೆ "ಇದ್ದು ಏನ್ ಮಾಡೋದೈತ್ರಿ ಅಣ್ಣಾ" ಎಂದಳು. ಅದನ್ನು ಮೇಡಂಗೆ ಹೇಳಿದೆ.

"ಸಾಯಬೇಕು ಅನಸ್ತದೇನು ಅಂತ ಕೇಳಿದ್ರಿ?"

"ಹೆಂಗ ಕೇಳ್ಲಿರಿ ಮೇಡಂ? ಇಲ್ಲದ್ದು ನಾವೇ ತಲ್ಯಾಗ ಹಾಕಿದಂಗ ಆಗ್ತದ."

"ನೀವು ಹಾಕೂತನಕ ಆಕಿ ಕಾಯ್ತಾಳೇನು? ಬಾಯಿಗೆ ರೂಢಿ ಆಗಬೇಕು. ನಾನೇ ಆಕಿ ಅಂತ ತಿಳ್ಕೊಂಡು ಕೇಳ್ರಿ."

ಕೇಳಿದೆ. ಮೇಡಂ ಕಿಟಕಿ ಕಡೆ ನೋಡುತ್ತ, "ಅನಸಿತ್ತು. ಒಂದ್ಸಲ" ಎಂದರು. ರೋಗಿಯ ದನಿಯಲ್ಲಿ ಅಲ್ಲ, ತಮ್ಮ ದನಿಯಲ್ಲೇ. ಮುಂದೆ ಕೇಳಬೇಕಾದ್ದನ್ನೆಲ್ಲ ಬಿಟ್ಟು ನಾನು, "ಚಹಾ ತರ್ಲಿರಿ?" ಎಂದು ಎದ್ದೆ.

ಮರುದಿನವೇ ಆ ಹೆಣ್ಣುಮಗಳನ್ನು ಕರೆಸಿದೆವು. ಜೊತೆಗೆ ಬಂದ ಅತ್ತೆಯನ್ನು ಬಿ.ಪಿ. ನೋಡುವ ನೆಪದಲ್ಲಿ ಡಾಕ್ಟರು ಹೊರಗಿನ ವರಾಂಡಕ್ಕೆ ಕರೆದೊಯ್ದರು. ಕೂಡಿ ಕೆಲಸ ಮಾಡುವುದೆಂದರೆ ಏನೆಂದು ನನಗೆ ಅಂದು ತಿಳಿಯಿತು. ನಾನು ಕೇಳಿದೆ.

"ಹ್ಞೂಂರಿ. ನೀವು ಯಾವಾಗ ಕೇಳ್ತೀರಿ ಅಂತ ನೋಡ್ಲಿಕತ್ತಿದ್ದೆ" ಎಂದಳು.

ಆಮೇಲೆ ಬಹಳ ಹೊತ್ತು ಮಾತಾಡಿದಳು. ಬದುಕಿದಳು. ಈಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನನ್ನ ಊಟ, ನಿದ್ದೆ ವಿಚಾರಿಸುತ್ತಾಳೆ.

ಮೇಡಂ ಹೇಳಿದ್ದು ಮಾತ್ರ ನನ್ನೊಳಗೇ ಉಳಿಯಿತು. ಅದು ನಾಟಕವೋ, ನಿಜವೋ? ಊರಿಗೆಲ್ಲ ಕೇಳುವ ಪ್ರಶ್ನೆಯನ್ನು ಅವರಿಗೆ ಕೇಳಲು ಇಷ್ಟು ವರ್ಷ ಬಾಯಿ ಬರಲಿಲ್ಲ. ಇಂದು, "ನಿನ್ನ ಪೇಷಂಟ್ ಇನ್ನೂ ಔಷಧಿ ಪಾಳಿಯೊಳಗ ನಿಂತಾನ, ಕರ್ಕೊಂಡು ಹೋಗಿ ಅದೊಂದೂ ಕೇಳು" ಎಂದು ಹುಡುಗಿಯನ್ನು ಕಳಿಸಿ, ಮೇಡಂಗೆ ಫೋನ್ ಮಾಡಿದೆ. ನಿವೃತ್ತರಾಗಿ ಶಹಾಬಾದದಲ್ಲೇ ಇದ್ದಾರೆ.

"ಮೇಡಂ, ಅವತ್ತು ಸೇಡಂದಾಗ ತಾಲೀಮು ಮಾಡುಮುಂದ ನೀವು 'ಅನಸಿತ್ತು' ಅಂದ್ರಿ. ಖರೇನ ಅನಸಿತ್ತೇನ್ರಿ?"



"ನಾ ಎಲ್ಲಿ ಅಂದೀನಿ? ಹೆಂಗ ಕೇಳಬೇಕು ಅಂತ ತೋರಿಸಿದಾಕಿ ನಾನು. ರೋಗಿ ಆಗಿ ಕುಂತವರು ನೀವು. 'ಅನಸಿತ್ತು, ಒಂದ್ಸಲ' ಅಂದವರೇ ಚಹಾ ತರ್ತೀನಿ ಅಂತ ಎದ್ದು ಹೋದ್ರಿ. ಖರೇನೋ ನಾಟಕೋ ಅಂತ ನಾ ಇಷ್ಟು ವರ್ಷ ಚಿಂತಿ ಮಾಡೀನಿ."

ನನಗೆ ಎರಡು ಕುರ್ಚಿಗಳು ನೆನಪಿವೆ, ಕಿಟಕಿ ನೆನಪಿದೆ. ಕಿಟಕಿಯ ಕಡೆ ನೋಡಿದವರು ಯಾರೆಂದು ಈಗ ಆಣೆ ಮಾಡಿ ಹೇಳಲಾರೆ.

"ಈಗ ಹೆಂಗಿದ್ದೀರಿ?" ಎಂದರು ಮೇಡಂ.

"ಆರಾಮ ಇದ್ದೀನ್ರಿ. ಕೆಲಸ ಭಾಳ. ಮಕ್ಕಳು ಸಾಲಿಗೆ ಹೋಗ್ತಾವ."

"ನಾ ಅದನ್ನ ಕೇಳಲಿಲ್ಲ."

ಎದ್ದು ಬಾಗಿಲು ಮುಂದೆ ಮಾಡಿ ಬಂದು ರೋಗಿಗಳು ಕೂರುವ ಕುರ್ಚಿಯಲ್ಲಿ ಕುಳಿತೆ. ಮೇಡಂ ಇನ್ನೂ ಫೋನಿನಲ್ಲೇ ಇದ್ದರು.