ಪುಸ್ತಕದ ಆನೆಯನ್ನು ಓಡಿಸಿದ್ದು

ನಾಲ್ಕು ವರ್ಷವಾದರೂ ಮಗಳಿಗೆ ಮಾತು ಬಂದಿರಲಿಲ್ಲ. ಬತ್ತೇರಿ ಪೇಟೆಯ ಥೆರಪಿ ಕೇಂದ್ರದ ಟೀಚರ್ ಒಂದು ಚಿತ್ರಪುಸ್ತಕ ಕೊಟ್ಟು, ಮನೆಯಲ್ಲಿ ದಿನಾ ಓದಿ ಹೇಳಿ ಎಂದರು. ಶಾಂತವಾಗಿ, ನಗುನಗುತ್ತಾ ಓದಬೇಕಂತೆ. ನಮ್ಮ ಮನೆಯಲ್ಲಿ ಉಪ್ಪು ಕೇಳುವಾಗಲೂ ಯಾರೂ ಶಾಂತವಾಗಿರುವುದಿಲ್ಲ.

ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಪುಸ್ತಕ ಮಲಯಾಳದ್ದು, ನಾನು ಓದಿ ಹೇಳಿದ್ದು ಕನ್ನಡದಲ್ಲಿ. ಒಂದು ಪುಟದಲ್ಲಿ ಆನೆಯೊಂದು ಕೊಡೆ ಹಿಡಿದು ಹೂದೋಟದಲ್ಲಿ ನಿಂತಿತ್ತು. "ಮುದ್ದು ಆನೆ ಬಂತು" ಎಂದೆ.

ಹಿಂದಿನ ವಾರವಷ್ಟೇ ಕಾಡಿನಿಂದ ಬಂದ ಆನೆಗಳು ನಮ್ಮ ಬಾಳೆತೋಟವನ್ನು ತುಳಿದು ಹೋಗಿದ್ದವು. ಪಕ್ಕದಲ್ಲಿದ್ದ ಅತ್ತೆ ತಟ್ಟೆ ಎತ್ತಿಕೊಂಡು ಸೌಟಿನಿಂದ ಬಡಿಯತೊಡಗಿದರು. ಆನೆ ಬಂದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ.

"ಮುದ್ದು ಮಾಡ್ತಾ ಕೂತ್ರೆ ಬಾಳೆ ಉಳೀತದಾ? ಓಡ್ಸು ಅದ್ನ" ಎಂದರು.

ಮಗಳು ಕೇಕೆ ಹಾಕಿ ನಕ್ಕಳು. ಆಮೇಲೆ ದಿನವೂ ಅದೇ ಪುಟ, ಅದೇ ತಟ್ಟೆ. ಥೆರಪಿಯನ್ನೆಲ್ಲ ಹಾಳು ಮಾಡಿದಿರಿ ಎಂದು ನಾನು ಅತ್ತೆಯ ಜೊತೆ ಜಗಳವಾಡಿದೆ.

ಮುಂದಿನ ತಿಂಗಳು ಕೇಂದ್ರಕ್ಕೆ ಹೋದಾಗ ಟೀಚರ್ ಅದೇ ಆನೆಯನ್ನು ತೋರಿಸಿ, "ಇದೆಂದಾ ಮೋಳೇ?" ಎಂದು ಮಲಯಾಳದಲ್ಲಿ ಕೇಳಿದರು, ಇದೇನು ಮಗಳೇ ಅಂತ. ಮಗಳು ಮೇಜಿನ ಮೇಲಿದ್ದ ಸ್ಟೀಲ್ ಲೋಟವನ್ನು ಎತ್ತಿ ದಬದಬನೆ ಮೇಜಿಗೆ ಬಡಿದಳು.

ಮಗುವಿಗೆ ಚಿತ್ರದ ಗುರುತು ಸಿಗಲಿಲ್ಲ ಎಂದರು ಟೀಚರ್. ಗುರುತು ಸಿಗದವರು ಯಾರು? ಆನೆ ಎದುರಿಗೇ ಇದ್ದರೂ ಕುರ್ಚಿ ಬಿಟ್ಟು ಏಳದೆ ಕೂತವರು ಅವರು.

ನೀನೂ ಬಡಿ ಎನ್ನುವಂತೆ ಮಗಳು ನನ್ನ ಮುಖ ನೋಡಿದಳು. ನಾನು ಟೀಚರ ಟಿಫಿನ್ ಡಬ್ಬಿ ಎತ್ತಿಕೊಂಡೆ.