ಮಹಾರಾಜನ ಮೇಲ್ತುಟಿಗೆ ಮುಲಾಮು

ಎಪ್ಪತ್ತರ ದಶಕದ ಮಾತು. ಮಾಟುಂಗದ ನಮ್ಮ ಕನ್ನಡ ಸಂಘದ ಹೆಂಗಸರೇ ಸೇರಿ ನಾಟಕ ಆಡುವುದೆಂದು ಗೊತ್ತಾಯಿತು. ಗಂಡು ಪಾತ್ರಗಳೂ ನಮ್ಮವೇ. ಅದರಲ್ಲಿ ರಾಜನ ಪಾತ್ರ ನನಗೆ ಬಂತು! ಕಾರಣ ನನ್ನ ದನಿ. ಹುಟ್ಟಿನಿಂದಲೂ ನನ್ನದು ಗಡಸು ಗಂಟಲು. ಹೆಣ್ಣು ನೋಡಲು ಬಂದವರು ಒಂದು ಹಾಡು ಹೇಳೆಂದಾಗ ನಮ್ಮಮ್ಮ ಬೆದರಿ, "ಅವಳಿಗೆ ನೆಗಡಿ" ಎಂದು ಸುಳ್ಳು ಹೇಳಿದ್ದಳು. ಅಂಥ ದನಿಯನ್ನು ಯಾರೋ ಬೇಕೆಂದು ಕೇಳಿದ್ದು ಅದೇ ಮೊದಲು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ನಮ್ಮ ಮನೆಯಿದ್ದ ಭಾಂಡುಪಿನಿಂದ ಮಾಟುಂಗದವರೆಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಸಂಭಾಷಣೆ ಗೊಣಗುತ್ತಿದ್ದೆ. ಪಕ್ಕದವರು ಸರಿದು ಜಾಗ ಬಿಡುತ್ತಿದ್ದರು.

ನಾಟಕ ಕಲಿಸುತ್ತಿದ್ದವರು ಧಾರವಾಡದ ಕಡೆಯವರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದ ಎಲ್ಲರಿಗೂ ಅವರು ಅಕ್ಕೋರು. ಅವರ ಹಟವೆಂದರೆ, ತಾಲೀಮಿನ ಮೊದಲ ದಿನದಿಂದಲೇ ರಾಜನಿಗೆ ಮೀಸೆ ಇರಬೇಕು.

"ಮೀಸಿ ರೂಢಿ ಆಗಬೇಕವಾ. ಇಲ್ಲಂದ್ರ ಸ್ಟೇಜಿನ ಮ್ಯಾಲೆ ಕೈ ಬರೇ ಅಲ್ಲೇ ಹೋಗ್ತದ."

ನಾಟಕದವರು ಬಳಸುವ ಗಮ್ ಹಚ್ಚಿ ಮೀಸೆ ಅಂಟಿಸುವುದು, ಮನೆಗೆ ಹೊರಡುವಾಗ ಚರ್‍ರೆಂದು ಕಿತ್ತು, ಉಳಿದ ಗಮ್ಮನ್ನು ಉಜ್ಜಿ ತೆಗೆಯುವುದು. ಕೆಲವು ದಿನಕ್ಕೆ ಮೇಲ್ತುಟಿ ಕೆಂಪಗಾಯಿತು. ತುರಿಕೆ ಎಂದರೆ ತುರಿಕೆ! ನಿದ್ದೆಯಲ್ಲೂ ಕೆರೆದುಕೊಂಡೆ. ಪಕ್ಕದ ಮನೆಯವರ ಮಾತು ಕೇಳಿ ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದ್ದೂ ಆಯಿತು. ಊದಿಕೊಂಡು, ರಸ ಜಿನುಗಿ, ಅದರ ಮೇಲೆ ಹಳದಿ ಹಕ್ಕಳೆ ಕಟ್ಟಿತು. ಬಾಯಿ ಅಗಲಿಸಿದರೆ ಹಕ್ಕಳೆ ಬಿರಿಯುತ್ತಿತ್ತು. ರಾಜ ಬಾಯಿ ತೆರೆಯದಿದ್ದರೆ ರಾಜ್ಯಭಾರ ಹೇಗೆ?

"ಮೀಸೆ ಬಂದವ್ನಿಗೆ ದೇಶ ಕಾಣಲ್ಲ ಅಂತಾರೆ. ನಿನಗೆ ಗಂಡನೂ ಕಾಣ್ತಿಲ್ವಲ್ಲೇ" ಎಂದು ನಮ್ಮವರು ನಕ್ಕರು. ಆದರೆ ಮರುದಿನ ತಾವೇ ರಜೆ ಹಾಕಿ ಮಾಟುಂಗದ ಡಾಕ್ಟರ ಬಳಿ ಕರೆದುಕೊಂಡು ಹೋದರು.

ಡಾಕ್ಟರು ಉಡುಪಿ ಕಡೆಯವರು. ಕಿಟಕಿಯ ಬೆಳಕಿಗೆ ನನ್ನ ಮುಖ ತಿರುಗಿಸಿ ನೋಡಿದರು.

"ಇದು ಒಂದು ಕಾಯಿಲೆ ಅಲ್ಲ, ಎರಡು. ಗಮ್ಮಿಗೆ ಚರ್ಮ ಕೆರಳಿದೆ. ನೀವು ತುರಿಸಿ ತುರಿಸಿ ಕೀವೂ ಮಾಡ್ಕೊಂಡಿದ್ದೀರಿ. ಈ ಟ್ಯೂಬಲ್ಲಿ ಎರಡಕ್ಕೂ ಮದ್ದು ಉಂಟು. ಒಂದು ಉರಿ ಇಳಿಸ್ತದೆ, ಇನ್ನೊಂದು ಕ್ರಿಮಿ ಕೊಲ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ತೆಳ್ಳಗೆ. ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಬೇಡಿ ಮಾರಾಯ್ರೆ. ನಾನು ಹೇಳಿದ್ದಕ್ಕಿಂತ ಹೆಚ್ಚು ದಿನವೂ ಬೇಡ, ಬೇರೆಯವರಿಗೆ ಕೊಡುವುದೂ ಬೇಡ."

"ಮತ್ತೆ ಮೀಸೆ, ಡಾಕ್ಟ್ರೇ?"

"ಯಾರಿಗೆ, ನಿಮಗಾ?"

ವಿಷಯ ತಿಳಿದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ಗಮ್ ಬೇಡ, ಬಣ್ಣ ಬೇಡ, ಕಾಡಿಗೆಯಲ್ಲಿ ಬರೆದುಕೊಳ್ಳುವುದೂ ಬೇಡ ಎಂದರು.

ತಗಡಿನ ಪುಟ್ಟ ಟ್ಯೂಬು. ಮುಚ್ಚಳದ ಚೂಪು ತುದಿಯಿಂದ ಅದರ ಬಾಯಿ ಚುಚ್ಚಿದರೆ ತಿಳಿಹಳದಿ ಮುಲಾಮು ಇಣುಕುತ್ತಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹಕ್ಕಳೆ ನೆನೆಸಿ ತೆಗೆದು, ಬೆರಳ ತುದಿಯಲ್ಲಿ ಸವರಿಕೊಂಡೆ. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಕೆರೆಯದೆ ಮಲಗಿದೆ! ಬೆಳಿಗ್ಗೆ ದಿಂಬಿನ ಗವುಸಿನ ಮೇಲೆ ಹಳದಿ ಕಲೆ, ಕನ್ನಡಿಯಲ್ಲಿ ಇಳಿದ ಊತ. ಮತ್ತೆ ಎರಡು ದಿನಕ್ಕೆ ರಸ ಒಣಗಿತು, ಕೆಂಪು ಮಾಸಿತು. ನನಗೆ ಕುಣಿಯುವಷ್ಟು ಖುಷಿ. ಅಡುಗೆಮನೆಯಲ್ಲಿ ಸೌಟು ಹಿಡಿದು ಇಡೀ ಮೂರನೆಯ ಅಂಕ ಗರ್ಜಿಸಿದೆ; ಮೇಲಿನ ಮಹಡಿಯವರು ಯಾರಿಗೆ ಏನಾಯಿತೆಂದು ಇಳಿದು ಬಂದರು.

ಕೊನೆಯ ತಾಲೀಮಿಗೆ ಟ್ಯೂಬನ್ನು ಪರ್ಸಿನಲ್ಲಿಟ್ಟುಕೊಂಡು ಹೋದೆ. ಅದನ್ನು ನೋಡಿದ್ದೇ ತಡ, ಅಕ್ಕೋರ ತಲೆ ಓಡಿತು.

"ಅಯ್ಯ, ಮತ್ಯಾಕ ಚಿಂತಿ? ದಪ್ಪಗ ಮುಲಾಮು ಬಳಿ, ಅದರ ಮ್ಯಾಲೆ ಮೀಸಿ ಕೂಡಸೂಣು. ಗಮ್ ಚರ್ಮಕ್ಕ ತಾಗೂದೇ ಇಲ್ಲ!"

ಎಂಥ ಉಪಾಯ ಎಂದು ಎಲ್ಲರೂ ತಲೆದೂಗಿದರು. ನನಗೂ ಮೀಸೆಯ ಆಸೆ. ಬಳಿದರು, ಅಂಟಿಸಿದರು. ಮಂತ್ರಿಯ ಮೇಲೆ ನಾನು ಸಿಡಿದೇಳುವ ದೃಶ್ಯ. ಸಿಡಿದೆದ್ದೆ. ಮೀಸೆ ಜಿಡ್ಡಿನ ಮೇಲೆ ಜಾರಿ ಗಲ್ಲಕ್ಕೆ ಬಂತು, ಅಲ್ಲಿ ತುಸು ಹೊತ್ತು ತೂಗಾಡಿ ಮಂತ್ರಿಯ ಕಾಲ ಬಳಿ ಬಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಜಟ್ಟಿ ನಿಂತೇ ಇದ್ದ, ಮೀಸೆ ಮಣ್ಣಾಯಿತು. ಮಂತ್ರಿ ನಕ್ಕು ನಕ್ಕು ನೆಲಕ್ಕೆ ಕೂತಳು.

ನಗು ಬೆಳಗಾಗುವವರೆಗೆ ಮಾತ್ರ. ಎದ್ದರೆ ತುಟಿ ಮತ್ತೆ ಚುರುಗುಟ್ಟುತ್ತಿತ್ತು, ಅಂಚಿನಲ್ಲಿ ಕೆಂಪು. "ಮದ್ದು ಅಂದ್ರೆ ಮೇಕಪ್ಪಾ?" ಎಂದು ಡಾಕ್ಟರು ಬೈದರು. ಮುಲಾಮು ಮೊದಲಿನಂತೆ ತೆಳ್ಳಗೆ ಹಚ್ಚಬೇಕು, ಅದರ ಮೇಲೆ ಏನೂ ತಾಗಕೂಡದು. ಅಂದು ಸಂಜೆ ಸಂಘಕ್ಕೆ ಹೋದಾಗ ಅಕ್ಕೋರು ನನ್ನನ್ನು ಪಕ್ಕಕ್ಕೆ ಕರೆದರು.

"ತಪ್ಪ ತಿಳೀಬ್ಯಾಡವಾ. ರಾಜನ ಪಾತ್ರ ಮಂತ್ರಿ ಮಾಡೋಳಿಗೆ ಕೊಡ್ತೀನಿ. ಆಕಿಗೆ ನಿನ್ನ ಮಾತೆಲ್ಲ ಬಾಯಿಪಾಠ ಅದಾವ."

"ಮೀಸೆ ಇಲ್ದೇ ಮಾಡ್ತೀನಿ ಅಕ್ಕೋರೇ."

"ಮೀಸಿ ಇಲ್ಲದ ರಾಜಾನ? ಮಂದಿ ನಗ್ತಾರ."

"ನಗ್ಲಿ. ನಕ್ಕೋರನ್ನ ನಾನು ನೋಡ್ಕೋತೀನಿ!"

ಹಾಗೆ ಎದುರು ಮಾತಾಡಿದ್ದು ನನಗೇ ಆಶ್ಚರ್ಯ. ಅಕ್ಕೋರು ನನ್ನನ್ನೇ ದಿಟ್ಟಿಸಿ, "ಆತು, ನಿನ್ನ ಹಣೇಬರ" ಎಂದರು.

ಭಾನುವಾರ. ಸಭಾಂಗಣ ಕಿಕ್ಕಿರಿದಿತ್ತು. ಕಿರೀಟ, ಕತ್ತಿ, ಜರಿಯ ನಿಲುವಂಗಿ, ಮುಲಾಮಿನ ಜಿಡ್ಡಿಗೆ ಮಿಂಚುವ ಬೋಳು ತುಟಿ. ಪರದೆ ಎದ್ದಿತು. ನಾನಿನ್ನೂ ಸಿಂಹಾಸನ ಮುಟ್ಟಿಲ್ಲ, ಹಿಂದಿನ ಸಾಲಿನಿಂದ ಕೂಗು ಬಂತು: "ಮಹಾರಾಜ್ರೇ, ಮೀಸೆ ಎಲ್ಲಿ?"

ಸಭೆ ಗೊಳ್ಳೆಂದಿತು. ಪಕ್ಕದ ಪರದೆಯ ಹಿಂದೆ ಅಕ್ಕೋರು ಹಣೆ ಚಚ್ಚಿಕೊಂಡರು. ನಾನು ಹೆದರಬೇಕಿತ್ತು, ಬಂದದ್ದು ಕೋಪ. ಹೊಟ್ಟೆಯ ಆಳದಿಂದ ದನಿ ತೆಗೆದು, ಆ ಹಿಂದಿನ ಸಾಲನ್ನೇ ನೋಡುತ್ತ, ನನ್ನ ಮೊದಲ ಮಾತು ಆಡಿದೆ.

"ಯಾರಲ್ಲಿ!"

ನಗು ಅರ್ಧಕ್ಕೆ ನಿಂತಿತು. ದ್ವಾರಪಾಲಕಿಯಾಗಿದ್ದವಳು ಬಾಯಿ ತೆರೆಯುವ ಮೊದಲೇ, ಸಭಾಂಗಣದ ಬಾಗಿಲ ಬಳಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ, ಕನ್ನಡದ ಒಂದಕ್ಷರ ಬಾರದ ವಾಚ್‌ಮನ್ ಗಡಬಡಿಸಿ ಎದ್ದು ನಿಂತು ಸಲಾಮು ಹೊಡೆದ.

"ಜೀ ಸಾಬ್!"