ಕೊನೆಯ ನಿಮಿಷದ ಬೀಗತನ

ಗೆಳತಿಯರೇ, ಇವತ್ತು ಕೊಪ್ಪಳದಲ್ಲಿ ನಾನು ಆಟ ಕಲಿಸುವ ಹುಡುಗಿಯರು ಗಂಗಾವತಿಯವರ ಮೇಲೆ ಬಾಸ್ಕೆಟ್‌ಬಾಲ್ ಆಡಿದರು. ಕೊನೆಯ ನಿಮಿಷದಲ್ಲಿ ಒಂದು ಅಂಕ ಹಿಂದಿದ್ದೆವು. ಸಿಕಂದರಾಬಾದಿನ ಶಾಲೆಯಲ್ಲಿ ನಾನು ಕಲಿತ ಉಪಾಯ ಹೇಳಿಕೊಟ್ಟೆ: ಪಾರ್ವತಿ ಎದುರಾಳಿ ನೀಲಾಳಿಗೆ ಅಡ್ಡ ನಿಲ್ಲಬೇಕು, ಗೌರಿ ಚೆಂಡನ್ನು ಬುಟ್ಟಿಗೆ ಹಾಕಬೇಕು. ನೀಲಾಳ ಅಣ್ಣನ ಜೊತೆ ಪಾರ್ವತಿಯ ಮದುವೆ ನಿಶ್ಚಯವಾಗಿದ್ದನ್ನು ಮರೆತೇಬಿಟ್ಟಿದ್ದೆ.

ಸೀರೆಯುಟ್ಟೇ ಆಡುತ್ತಿದ್ದ ಪಾರ್ವತಿ ಅಡ್ಡ ನಿಂತವಳೇ ಸೆರಗು ಸರಿಮಾಡಿಕೊಂಡು, "ಮನ್ಯಾಗ ಅತ್ತಿಯಾರು ಆರಾಮ ಅದಾರೇನ್ರಿ?" ಎಂದಳು.

ನೀಲಾ ಓಡುವುದನ್ನು ಬಿಟ್ಟು, "ಆರಾಮ ಅದಾರ್ರಿ ವೈನಿ. ನಿಮ್ಮ ಕಡೆ?" ಎಂದಳು.

ಅಷ್ಟರಲ್ಲಿ ಗೌರಿ ಚೆಂಡು ಹಾಕಿದಳು. ಗೆದ್ದೆವು!

"ಆಟದಾಗ ಇದೇನ ಪಾರ್ವತಿ?" ಎಂದೆ.

"ಬೀಗರು ಎದುರಿಗೆ ಬಂದ್ರ ಮಾತಾಡಸಬಾರ್ದೇನ್ರಿ ಬಾಯಾರ?"

ಇದು ನ್ಯಾಯವೋ ಅನ್ಯಾಯವೋ ನನಗಿನ್ನೂ ತಿಳಿದಿಲ್ಲ. ಮುಂದಿನ ಪಂದ್ಯ ಕುಷ್ಟಗಿಯವರ ಮೇಲೆ. ಅಲ್ಲಿ ಯಾವ ಆಟಗಾರ್ತಿಗೆ ಮದುವೆಯಾಗದ ಅಣ್ಣನಿದ್ದಾನೆಂದು ಸುಮ್ಮನೆ ವಿಚಾರಿಸುತ್ತಿದ್ದೇನೆ.